ಸಪಾಟು ನೆಲದಲ್ಲಿ ಈ ಚರ್ಚಿಗೆ ಗುಡ್ಡ ಎಲ್ಲಿಂದ ಬಂತು?

ಪ್ರಶ್ನೆ: ನೆದರ್‌ಲ್ಯಾಂಡ್ಸ್‌ನ ಉತ್ತರದ ಕರಾವಳಿ ಪೂರ್ತಿ ಸಪಾಟು ಅಂತಾರೆ. ಆದರೆ ಫ್ರೀಸ್‌ಲ್ಯಾಂಡಿನ ಹೇಗೆಬೈಂಟುಮ್ ಊರಿನ ಫೋಟೋ ನೋಡಿದರೆ ಚರ್ಚು ಕಡಿದಾದ ಗುಡ್ಡದ ತುದಿಯಲ್ಲಿದೆ. ಎತ್ತರದ ಜಾಗ ಹುಡುಕಿ ಕಟ್ಟಿದರಾ?

ಉತ್ತರ: ಹುಡುಕೋಣ ಅಂದರೂ ಅಲ್ಲಿ ಎತ್ತರದ ಜಾಗ ಇರಲಿಲ್ಲ. ಆ ಗುಡ್ಡವನ್ನು ಜನರೇ ಮಾಡಿದ್ದು. ಅದಕ್ಕೆ ಟೆರ್ಪ್ ಅಂತಾರೆ. ಹೇಗೆಬೈಂಟುಮ್‌ನದು ದೇಶದಲ್ಲೇ ಎತ್ತರದ ಟೆರ್ಪ್, ಸಮುದ್ರಮಟ್ಟದಿಂದ ಸುಮಾರು 8.8 ಮೀಟರ್.

ಎರಡು ಸಾವಿರ ವರ್ಷಕ್ಕೂ ಹಿಂದೆ ಈ ಕರಾವಳಿಗೆ ಒಡ್ಡುಗಳಿರಲಿಲ್ಲ. ದನ ಮೇಯಿಸಲು ಹುಲ್ಲು ಬೇಕಾದಷ್ಟಿತ್ತು, ಬಿರುಗಾಳಿ ಎದ್ದರೆ ಮಾತ್ರ ಸಮುದ್ರ ಹಟ್ಟಿಯೊಳಗೇ ಬರುತ್ತಿತ್ತು. ಹಾಗಾಗಿ ಜನ ಜೇಡಿಮಣ್ಣು, ಹುಲ್ಲುಹೆಂಟೆ, ಸಗಣಿ, ಮನೆಯ ಕಸ ಎಲ್ಲವನ್ನೂ ಒಟ್ಟುತ್ತಾ ಹೋದರು. ಅದರ ಮೇಲೇ ಮನೆ, ಅದರ ಮೇಲೇ ಕೊಟ್ಟಿಗೆ. ಕುಡಿಯಲು ಮಳೆನೀರಿನ ಹೊಂಡ. ರೋಮಿನ ಪ್ಲಿನಿ ಒಂದನೇ ಶತಮಾನದಲ್ಲಿ ಈ ಕಡಲತೀರದ ದಿಬ್ಬಗಳ ಜನರ ಬಗ್ಗೆ ಬರೆಯುತ್ತಾ, ಪಾಪ, ಇವರಿಗೆ ದನ ಸಾಕುವ ಭಾಗ್ಯವೂ ಇಲ್ಲ ಅಂತ ಮರುಗಿದ್ದಾನೆ. ದಿಬ್ಬಗಳನ್ನು ಅಗೆದರೆ ಸಿಗೋದು ರಾಶಿ ರಾಶಿ ಸಗಣಿ! ಮಹಾಶಯ ಸರಿಯಾಗಿ ನೋಡಿರಲಿಲ್ಲ ಅಂತ ಕಾಣುತ್ತದೆ.

ಹಾಗಾದರೆ ಅಷ್ಟು ಕಡಿದಾಗಿ ಯಾಕಿದೆ? ಮೊದಲು ಹಾಗಿರಲಿಲ್ಲ. ಸುತ್ತಲೂ ನಿಧಾನಕ್ಕೆ ಇಳಿಜಾರಾಗಿ ಹರಡಿದ ದೊಡ್ಡ ದಿಬ್ಬ ಅದು. ಮಧ್ಯಯುಗದಲ್ಲಿ ಸಮುದ್ರಕ್ಕೆ ಒಡ್ಡು ಹಾಕಿದ ಮೇಲೆ ದಿಬ್ಬದ ಅಗತ್ಯ ಕಡಿಮೆಯಾಯಿತು. 19ನೇ ಶತಮಾನಕ್ಕೆ ಬರುವ ಹೊತ್ತಿಗೆ ಜನರ ಕಣ್ಣು ಆ ಮಣ್ಣಿನ ಮೇಲೆ ಬಿತ್ತು. ಶತಮಾನಗಳ ಗೊಬ್ಬರ ಸೇರಿದ ಮಣ್ಣು ಅಲ್ವಾ? ಮರಳು ನೆಲದ ರೈತರಿಗೆ ಅದು ಬೇಕೇ ಬೇಕಿತ್ತು. ಫ್ರೀಸ್‌ಲ್ಯಾಂಡಿನ ಎಷ್ಟೋ ಟೆರ್ಪ್‌ಗಳು ಹೀಗೆ ದೋಣಿ ದೋಣಿ ಮಣ್ಣಾಗಿ ಮಾರಾಟವಾದವು. ಹೇಗೆಬೈಂಟುಮ್‌ನಲ್ಲಿ ಚರ್ಚು, ಅದರ ಸುತ್ತಲಿನ ಸಮಾಧಿಗಳನ್ನು ಮಾತ್ರ ಮುಟ್ಟಲಿಲ್ಲ. ಈಗ ಕಾಣುವ ಕಡಿದಾದ ಅಂಚು ಗುದ್ದಲಿ ನಿಂತ ಜಾಗ. ಅಗೆಯುವಾಗ ಹಳೆಯ ಗೋರಿಗಳು ಸಿಕ್ಕವು ಅನ್ನೋದು ನಿಜ, ಆದರೆ ಮಣ್ಣು ವ್ಯಾಪಾರದ ಗಡಿಬಿಡಿಯಲ್ಲಿ ಕಳೆದುಹೋದದ್ದೇ ಜಾಸ್ತಿ ಇರಬೇಕು. ಕೊನೆಗೆ ಕೃತಕ ಗೊಬ್ಬರ ಬಂದು ಆ ವ್ಯಾಪಾರವೂ ಬಿದ್ದುಹೋಯಿತು.

ಚರ್ಚು 12ನೇ ಶತಮಾನದ್ದು. ಹಳೆಯ ಗೋಡೆಗಳು ಟಫ್ ಎಂಬ ಜ್ವಾಲಾಮುಖಿ ಕಲ್ಲಿನವು. ಒಳಗೆ ಹೋದರೆ ಗೋಡೆಗೆ ತೂಗುಹಾಕಿದ ಮರದ ಹಲಗೆಗಳನ್ನು ನೋಡದೆ ಬರಬೇಡಿ. ಪಕ್ಕದ ಹಾರ್ಸ್ಟಾ ಸ್ಟೇಟ್ ಎಂಬ ಜಮೀನ್ದಾರಿ ಮನೆಯವರು ತೀರಿಕೊಂಡಾಗ ಮಾಡಿಸಿದ ಸಾವಿನ ಹಲಗೆಗಳವು. ಮನೆತನದ ಲಾಂಛನದ ಸುತ್ತ ತಲೆಬುರುಡೆ, ಮರಳುಗಡಿಯಾರ ಕೆತ್ತಿದ್ದಾರೆ. ನೆದರ್‌ಲ್ಯಾಂಡ್ಸ್‌ನ ಹಳೆಯ ಆಡಳಿತವನ್ನು ಉರುಳಿಸಿದ 1795ರ ಕ್ರಾಂತಿಯಲ್ಲಿ ಸಮಾನತೆಯ ಹೆಸರಲ್ಲಿ ಫ್ರೀಸ್‌ಲ್ಯಾಂಡಿನ ಎಷ್ಟೋ ಚರ್ಚುಗಳ ಲಾಂಛನಗಳನ್ನು ಒಡೆದು ಹಾಕಿದ್ದರು. ಹಾಗಾಗಿ ಇಷ್ಟು ಹಲಗೆಗಳು ಒಂದೇ ಕಡೆ ಸಿಗೋದು ಅಪರೂಪ.

ಹೋಗುವವರಿಗೆ ಒಂದು ಮಾತು: ಸೀದಾ ಮೇಲೆ ಹತ್ತಬೇಡಿ. ಮೊದಲು ದಿಬ್ಬದ ಸುತ್ತ ಒಂದು ಸುತ್ತು ಹಾಕಿ, ಎಲ್ಲೆಲ್ಲಿ ಕಡಿದಿದ್ದಾರೆ ಅಂತ ಕೆಳಗಿನಿಂದಲೇ ಚೆನ್ನಾಗಿ ಗೊತ್ತಾಗುತ್ತದೆ.