ನೆರೆಗೆ ಮನೆ ಕಳ್ಕೊಂಡೋರು ನಿರಾಶ್ರಿತರಲ್ವಾ?

ಪ್ರಶ್ನೆ: ಯುದ್ಧಕ್ಕೆ ಹೆದರಿ ದೇಶ ಬಿಟ್ಟೋರನ್ನ ನಿರಾಶ್ರಿತರು ಅಂತೀವಿ. ನೆರೆ, ಬರಗಾಲಕ್ಕೆ ಊರು ಬಿಟ್ಟೋರಿಗೆ ಯಾಕೆ ಆ ಹೆಸರಿಲ್ಲ?

ಉತ್ತರ: ಕಾನೂನಲ್ಲಿ ಅದಕ್ಕೆ ಜಾಗ ಇಲ್ಲ, ಅದಕ್ಕೆ. 1951ರ ನಿರಾಶ್ರಿತರ ಒಪ್ಪಂದದಲ್ಲಿ ಇರೋದು ಐದೇ ಕಾರಣ, ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲಾಂದ್ರೆ ಯಾವ್ದೋ ಸಾಮಾಜಿಕ ಗುಂಪಿಗೆ ಸೇರಿರೋದು, ಇದ್ರಲ್ಲಿ ಒಂದಕ್ಕಾದ್ರೂ ಹಿಂಸೆ ಕೊಡ್ತಾರೆ ಅನ್ನೋ ಭಯ ಇರ್ಬೇಕು, ಮೇಲಿಂದ ಸ್ವಂತ ದೇಶದ ಗಡಿನೂ ದಾಟಿರ್ಬೇಕು. ಅಂದ್ರೆ ನಿನ್ನ ಓಡಿಸಿದ್ದು ಯಾರು ಅಂತ ಕೇಳೋ ಕಾನೂನು ಅದು. ನೀರು ಓಡಿಸ್ತು ಅಂದ್ರೆ ಬರ್ಕೊಳ್ಳೋಕೆ ಕಾಲಂ ಇಲ್ಲ.

ಆದ್ರೆ ಯುದ್ಧದೋರು ಬೇರೆ, ನೆರೆಯೋರು ಬೇರೆ ಅಂತ ಗೆರೆ ಎಳೆಯೋದು ಎಷ್ಟು ಕಷ್ಟ ಅಂತ ದಕ್ಷಿಣ ಸುಡಾನಿನ ಬೆಂಟಿಯು ಪಟ್ಟಣ ನೋಡಿದ್ರೆ ಗೊತ್ತಾಗುತ್ತೆ. 2013ರ ಡಿಸೆಂಬರಲ್ಲಿ ಶುರುವಾದ ಅಂತರ್ಯುದ್ಧಕ್ಕೆ ಓಡಿ ಬಂದೋರು ಅಲ್ಲಿನ ಕ್ಯಾಂಪ್ ಸೇರಿದ್ರು, ಜೀವ ಉಳೀತು ಅಂದ್ಕೊಂಡ್ರೆ 2021ರಲ್ಲಿ ನೆರೆ ಬಂದು ಸುತ್ತ ಊರುಗಳನ್ನೇ ನುಂಗ್ತು, ನೀರು ಇಳೀಲೇ ಇಲ್ಲ. ಕ್ಯಾಂಪ್ ಸುತ್ತ ಮಣ್ಣಿನ ಒಡ್ಡು ಹಾಕಿ, ಪಂಪಲ್ಲಿ ನೀರು ಎತ್ತಿ ಹೊರಗೆ ಹಾಕ್ತಾ ಬದುಕ್ಬೇಕಾಯ್ತು, ಒಡ್ಡಿನ ಆಚೆ ನೀರಿನ ಮಟ್ಟ ಈಚೆ ಕಡೆ ನೆಲಕ್ಕಿಂತ ಮೇಲೆ. ಹೊಲ ಮುಳುಗಿ, ದನ ಸತ್ತು, ಹೆಂಗಸರು ನೀರಿಗಿಳಿದು ನೈದಿಲೆ ಕಿತ್ತು ತಂದು ಅದನ್ನೇ ತಿನ್ನೋ ಹಾಗಾಯ್ತು. ಈಗ ಹೇಳಿ, ಇವ್ರನ್ನ ಬಂದೂಕಿನ ಲೆಕ್ಕಕ್ಕೆ ಹಾಕೋದಾ, ನೀರಿನ ಲೆಕ್ಕಕ್ಕಾ?

ಗಡಿ ದಾಟ್ಬೇಕು ಅನ್ನೋದಂತೂ ಇನ್ನೂ ದೊಡ್ಡ ತೊಡಕು, ಯಾಕಂದ್ರೆ ಮನೆ ಬಿಟ್ಟೋರಲ್ಲಿ ಹೆಚ್ಚಿನೋರು ದೇಶದ ಒಳಗೇ ಉಳೀತಾರೆ. 2024ರ ಕೊನೆಗೆ ಅಂಥೋರು ಜಗತ್ತಲ್ಲಿ ಸುಮಾರು 8.3 ಕೋಟಿ. ಆಫ್ರಿಕಾ ದೇಶಗಳು ಇದನ್ನ ಬೇಗ ಅರ್ಥ ಮಾಡ್ಕೊಂಡ್ವು, 2009ರ ಕಂಪಾಲಾ ಒಪ್ಪಂದದಲ್ಲಿ ದೇಶದೊಳಗೇ ನೆಲೆ ತಪ್ಪಿದೋರಿಗೆ ರಕ್ಷಣೆ ಇದೆ, ಪ್ರಕೃತಿ ವಿಕೋಪಕ್ಕೆ ಸಿಕ್ಕಿದೋರೂ ಅದ್ರಲ್ಲಿ ಸೇರ್ತಾರೆ.

ಗಡಿ ದಾಟಿದೋರಿಗೆ ಏನೂ ಇಲ್ವಾ ಅಂದ್ರೆ, ಸಣ್ಣ ದಾರಿ ಒಂದಿದೆ. ಸಮುದ್ರ ಏರ್ತಾ ಇರೋ ಕಿರಿಬಾಟಿ ಅನ್ನೋ ದ್ವೀಪ ದೇಶದ ಯೊವಾನೆ ಟೆಯ್ಟಿಯೋಟ ಅನ್ನೋರು ನ್ಯೂಜಿಲೆಂಡಲ್ಲಿ ಆಶ್ರಯ ಕೇಳಿ ಸೋತ್ರು, 2015ರಲ್ಲಿ ಅವ್ರನ್ನ ವಾಪಸ್ ಕಳಿಸಿದ್ರು. ಅವ್ರ ದೂರು ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿಗೆ ಹೋಯ್ತು, ಅಲ್ಲೂ ಗೆಲ್ಲಲಿಲ್ಲ. ಆದ್ರೆ ಹವಾಮಾನ ಬದಲಾವಣೆಯಿಂದ ಜೀವಕ್ಕೇ ಅಪಾಯ ಇರೋ ಕಡೆಗೆ ಯಾರನ್ನೂ ವಾಪಸ್ ತಳ್ಳೋ ಹಾಗಿಲ್ಲ ಅನ್ನೋ ಮಾತು ಅದೇ ತೀರ್ಪಲ್ಲಿ ಬಂತು, 2020ರ ಜನವರೀಲಿ ಅದು ಹೊರಬಿತ್ತು. ಮುಂದೆ ಕೇಸ್ ಹಾಕೋರಿಗೆ ಹಿಡ್ಕೊಳ್ಳೋಕೆ ಅಷ್ಟಾದ್ರೂ ಸಿಕ್ತು.