ಬೇವಿನ ಕಷಾಯಕ್ಕಿಂತ ಮೊದಲು ಕಣ್ಣಿನ ರೆಪ್ಪೆ

ಮುಂಗಾರು ಹಿಡಿದು ಭೀಮಾ ತೀರದ ಬದುಗಳಲ್ಲಿ ಹುಲ್ಲು ಚಿಗುರಿದ ಮೇಲೆ ಕುರಿಗಾಹಿಗಳು ಹೇಳುವ ದೂರು ಬಹುಮಟ್ಟಿಗೆ ಒಂದೇ: ಕುರಿಗಳು ಸೊರಗುತ್ತವೆ, ಹಿಂಡಿನ ಹಿಂದೆ ಬೀಳುತ್ತವೆ, ಕೆಲವುಗಳ ಗದ್ದದ ಕೆಳಗೆ ನೀರು ತುಂಬಿದಂತೆ ಊತ ಬರುತ್ತದೆ. ಹೊಟ್ಟೆಯ ಜಂತುಹುಳುವಿಗೆ ಔಷಧಿ ಹಾಕಿದರೂ ಗುಣವಾಗಲಿಲ್ಲವೆಂದು ಕೆಲವರು ಬೇವು, ಮುತ್ತುಗದ ಬೀಜ, ವಾಯುವಿಳಂಗಗಳತ್ತ ತಿರುಗುತ್ತಾರೆ. ಈ ಗಿಡಮೂಲಿಕೆಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವು ಯಾವ ಹುಳುವಿನ ಮೇಲೆ, ಎಷ್ಟರಮಟ್ಟಿಗೆ ಕೆಲಸ ಮಾಡುತ್ತವೆ ಎಂಬುದನ್ನು ಬಿಡಿಸಿ ನೋಡಬೇಕು.

ಮರಿಗಳ ಹಿಕ್ಕೆಯಲ್ಲಿ ಅಕ್ಕಿಕಾಳಿನಂತೆ ಕಾಣುವ ಲಾಡಿಹುಳುವಿನ ತುಂಡುಗಳು ಎಲ್ಲರನ್ನೂ ಹೆದರಿಸುತ್ತವೆ. ನಿಜವಾಗಿ ಕೊಲ್ಲುವುದು ನಾಲ್ಕನೇ ಹೊಟ್ಟೆಯಲ್ಲಿ ಕುಳಿತು ರಕ್ತ ಹೀರುವ ಹಿಮಾಂಕಸ್ ಎಂಬ ತೆಳ್ಳನೆಯ ಜಂತು. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ ಎಂದರೆ ಅಲ್ಪವೆನಿಸಬಹುದು, ಆದರೆ ಸಾವಿರ ಹುಳುಗಳಿದ್ದಲ್ಲಿ ಅದು ದಿನಕ್ಕೆ 50 ಮಿಲಿಲೀಟರ್ ಆಗುತ್ತದೆ. ಹೆಣ್ಣುಹುಳು ದಿನವೊಂದಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆಯಿಡಬಲ್ಲದು. ಮರಿಹುಳುಗಳು ಇಬ್ಬನಿಯ ತೇವದಲ್ಲಿ ಹುಲ್ಲಿನ ಬುಡಭಾಗಕ್ಕೇರಿ ಕಾಯುತ್ತವೆ.

ನನ್ನ ಮಟ್ಟಿಗೆ ಹೆಚ್ಚು ಭರವಸೆಯಿರುವುದು ಕಷಾಯದಲ್ಲಲ್ಲ, ಮೇವಿನಲ್ಲಿ. ಕರಿಜಾಲಿಯ ಎಲೆ, ಕಾಯಿಗಳಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು ಜಂತುಗಳ ಮೊಟ್ಟೆಯಿಡುವಿಕೆಯನ್ನೂ ಮರಿಹುಳುಗಳ ಬೆಳವಣಿಗೆಯನ್ನೂ ತಗ್ಗಿಸುತ್ತದೆ, ದೊಡ್ಡ ಹುಳುಗಳನ್ನು ಪೂರ್ತಿ ಕೊಲ್ಲುವುದಿಲ್ಲ. ಅತಿಯಾದರೆ ಕುರಿ ಮೇವನ್ನೇ ಬಿಡುತ್ತದೆ. ಆದ್ದರಿಂದ ಸೊಪ್ಪು ಒಟ್ಟು ಮೇವಿನ ಒಂದು ಪಾಲಾಗಿರಬೇಕು. ಮರದ ಸೊಪ್ಪು ತಿನ್ನುವ ಕುರಿ ಹುಲ್ಲಿನ ಬುಡಕ್ಕೆ ಬಾಯಿ ಹಾಕುವುದು ಕಡಿಮೆ ಎಂಬುದು ಇನ್ನೊಂದು ಲಾಭ, ಆಡುಗಳಿಗಂತೂ ಅದು ಹುಟ್ಟುಗುಣ. ಇದರ ಜೊತೆಗೆ, ಕಲಬುರಗಿ ಸೀಮೆಯ ದಾಲ್ ಮಿಲ್ಲುಗಳಲ್ಲಿ ಸಿಗುವ ತೊಗರಿ ಚುನಿಯ (ಬೇಳೆ ಮಾಡುವಾಗ ಉಳಿಯುವ ನುಚ್ಚು, ಹೊಟ್ಟು) ಪ್ರೋಟೀನ್ ದಕ್ಕಿದ ಕುರಿ ಜಂತಿದ್ದರೂ ತಾಳಿಕೊಳ್ಳುತ್ತದೆ.

ಬೇವಿನ ಎಲೆಯ ಫಲ ಒಂದು ಹಿಂಡಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ತೀವ್ರ ಗಾಯವಾಗುತ್ತದೆ. ಮೈಲುತುತ್ತ (ತಾಮ್ರದ ಲವಣ) ಮತ್ತು ತಂಬಾಕಿನ ನೀರನ್ನು ಕುಡಿಸುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ. ತಾಮ್ರದ ವಿಷ ತಗುಲುವುದರಲ್ಲಿ ಕುರಿಯಷ್ಟು ಸೂಕ್ಷ್ಮವಾದ ಸಾಕುಪ್ರಾಣಿ ಬೇರೆಯಿಲ್ಲ.

ಯಾವುದನ್ನೇ ಕೊಡುವ ಮೊದಲು ಕೆಳರೆಪ್ಪೆಯನ್ನು ಎಳೆದು ಒಳಬಣ್ಣ ನೋಡಬೇಕು, ರಕ್ತ ಕಡಿಮೆಯಾದಷ್ಟೂ ಅದು ಬಿಳಿಚುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚಾ ಪಟ್ಟಿ ಈ ಬಣ್ಣವನ್ನು ಐದು ಮಟ್ಟಗಳಾಗಿ ವಿಂಗಡಿಸುತ್ತದೆ: ಕೆಂಪಿದ್ದರೆ ಬಿಡಬಹುದು, ಬಿಳಿಚಿದ್ದರೆ ಅಥವಾ ಗದ್ದ ಊದಿದ್ದರೆ ಸೊಪ್ಪಿನ ಪ್ರಯೋಗಕ್ಕೆ ಸಮಯವಿಲ್ಲ, ತೂಕಕ್ಕೆ ತಕ್ಕ ಪ್ರಮಾಣದ ಜಂತುನಾಶಕವೇ ಬೇಕು. ಇಡೀ ಹಿಂಡಿಗೆ ಒಂದೇ ಔಷಧಿಯನ್ನು ಮತ್ತೆ ಮತ್ತೆ ಹಾಕುವುದರಿಂದಲೇ ಅಲ್ಬೆಂಡಜೋಲ್‌ನಂಥ ಔಷಧಿಗಳಿಗೆ ಬಗ್ಗದ ಹುಳುಗಳು ಉಳಿದುಕೊಳ್ಳುತ್ತವೆ.

ಮೂಲಿಕೆಯಾಗಲಿ ಮಾತ್ರೆಯಾಗಲಿ, ಫಲ ತಿಳಿಯಲು ಹತ್ತು ಕುರಿಗಳ ಹಿಕ್ಕೆಯಲ್ಲಿರುವ ಜಂತಿನ ಮೊಟ್ಟೆಗಳನ್ನು ಔಷಧಿಯ ದಿನ ಒಮ್ಮೆ, 14 ದಿನಗಳ ನಂತರ ಇನ್ನೊಮ್ಮೆ ಪಶುಚಿಕಿತ್ಸಾಲಯದಲ್ಲಿ ಎಣಿಸಿ ನೋಡಿಸಬೇಕು. ನೆಲದಿಂದ ಆರಿಸಿದ್ದು ಬೇಡ, ಗುದದ್ವಾರದಿಂದಲೇ ತೆಗೆದು ತಂಪಾಗಿಟ್ಟು ಅದೇ ದಿನ ತರಬೇಕು, ಏಕೆಂದರೆ ನಮ್ಮ ಬಿಸಿಲಿಗೆ ಮೊಟ್ಟೆಗಳು ಒಂದೇ ದಿನದಲ್ಲಿ ಒಡೆದುಬಿಡುತ್ತವೆ.