ನಾಡಿ ಸಿಗ್ತಿದೆ ಅಂತ ಸುಮ್ನಾಗಬೇಡಿ: ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಟಿಪ್ಪಣಿ

ಆರ್ಥೋ (ಮೂಳೆ ವಿಭಾಗ) ಪೋಸ್ಟಿಂಗ್‌ಗೆ ಹೋಗುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ರಾಯಚೂರು ಕಡೆ ಟ್ರ್ಯಾಕ್ಟರ್ ಮಗುಚಿ ಕಾಲು ಸಿಕ್ಕವರು, ಬೈಕ್‌ನಿಂದ ಬಿದ್ದು ಮೊಣಕಾಲ ಕೆಳಗೆ ಮೂಳೆ ಮುರಿದವರು ಕ್ಯಾಶುವಾಲಿಟಿಗೆ ಬರುತ್ತಲೇ ಇರುತ್ತಾರೆ. ಎಕ್ಸ್‌ರೇ ನೋಡಿ ನಾವೆಲ್ಲ ಮೂಳೆ ಹಿಂದೆ ಬೀಳ್ತೀವಿ. ಅಷ್ಟರಲ್ಲಿ ಸ್ನಾಯು ಕೈತಪ್ಪಿ ಹೋಗಬಹುದು.

ಮೊಣಕಾಲ ಕೆಳಗೆ ಸ್ನಾಯುಗಳು ನಾಲ್ಕು ಕೋಣೆಗಳಲ್ಲಿ ಇರುತ್ತವೆ. ಅದರ ಸುತ್ತ ಇರುವ ಹೊದಿಕೆ ಫ್ಯಾಸಿಯಾ. ಅದು ಹಿಗ್ಗುವುದಿಲ್ಲ. ಬಾಯಿ ಹೊಲಿದ ನೆಲ್ಲಿನ ಚೀಲ ಮಳೆಗೆ ನೆನೆದರೆ ಒಳಗೆ ಕಾಳು ಉಬ್ಬಿ ಚೀಲ ಕಲ್ಲಿನಂತೆ ಬಿಗಿಯುತ್ತದೆ ಅಲ್ವಾ, ಹಾಗೇ ಇದು. ಒಳಗೆ ರಕ್ತ ಸೋರಿತು, ಸ್ನಾಯು ಬಾತಿತು, ಒತ್ತಡ ಏರಿತು. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್.

ಸಾಮಾನ್ಯವಾಗಿ ಒಳಗಿನ ಒತ್ತಡ 10 ಎಂಎಂ ಪಾದರಸದ ಆಸುಪಾಸಿನಲ್ಲಿ, ಇಲ್ಲ ಅದಕ್ಕಿಂತ ಕಡಿಮೆ ಇರುತ್ತದೆ. ಅದು 40ಕ್ಕೆ ಏರಿದರೆ ಸಣ್ಣ ರಕ್ತನಾಳಗಳು ಮೊದಲು ಮುಚ್ಚಿಕೊಳ್ಳುತ್ತವೆ. ದೊಡ್ಡ ಅಪಧಮನಿಯಲ್ಲಿ ಒತ್ತಡ 120 ಇದೆ, ಅದು ಹರಿಯುತ್ತಲೇ ಇರುತ್ತದೆ. ಪಾದದಲ್ಲಿ ನಾಡಿ ಚೆನ್ನಾಗಿ ಸಿಗುತ್ತದೆ, ಒಳಗೆ ಸ್ನಾಯು ಸಾಯುತ್ತಿರುತ್ತದೆ. ನಾವು ಬಾಯಿಪಾಠ ಮಾಡುವ ಐದು 'ಪಿ'ಗಳಲ್ಲಿ (ಇಂಗ್ಲಿಷ್‌ನಲ್ಲಿ 'ಪಿ' ಅಕ್ಷರದಿಂದ ಶುರುವಾಗುವ ಐದು ಲಕ್ಷಣಗಳು) ನಾಡಿ ಹೋಗುವುದು, ಪಾದ ಬಿಳಿಚುವುದು, ಬೆರಳು ಆಡದೆ ಇರುವುದು ತಡವಾಗಿ ಬರುತ್ತವೆ. ಅವಕ್ಕೆ ಕಾಯ್ತಾ ಕೂತರೆ ಕಾಲು ಉಳಿಯುವುದು ಕಷ್ಟ.

ಇದು ನನಗೆ ಒಂದು ರಾತ್ರಿ ಡ್ಯೂಟಿಯಲ್ಲಿ ತಿಳಿಯಿತು. ಟಿಬಿಯಾ, ಅಂದರೆ ಮೊಣಕಾಲ ಕೆಳಗಿನ ದೊಡ್ಡ ಮೂಳೆ, ಮುರಿದ ಹುಡುಗ. ಬೇರೆ ಕಡೆ ಸ್ಲ್ಯಾಬ್ (ಒಂದು ಬದಿಗೆ ಮಾತ್ರ ಹಾಕುವ ಪ್ಲಾಸ್ಟರ್) ಹಾಕಿಸಿಕೊಂಡು ಬಂದಿದ್ದ. "ಇಂಜೆಕ್ಷನ್ ಕೊಟ್ರೂ ಕಡಿಮಿ ಆಗವಲ್ದ್ರಿ ಸರ್, ಒಳಗ ಹಿಂಡಿದಂಗ ಆಗ್ತದ" ಅಂದ. ನಾನು ನಾಡಿ ನೋಡಿ, ಸಿಗ್ತಿದೆ ಅಂತ ಬರೆದು, ಇನ್ನೊಂದು ಇಂಜೆಕ್ಷನ್ ಹೇಳಿದೆ. ಸೀನಿಯರ್ ಬಂದವರು ಮೊದಲು ಬ್ಯಾಂಡೇಜ್ ಬಿಚ್ಚಿದರು. ಕಾಲಿನ ಮುಂಭಾಗ ಒತ್ತಿದರು, ಗಟ್ಟಿ ಹಲಗೆ. ಹೆಬ್ಬೆರಳನ್ನು ಮೆಲ್ಲಗೆ ಕೆಳಕ್ಕೆ ಬಗ್ಗಿಸಿದರು. ಹುಡುಗ ಮಂಚದಿಂದ ಎದ್ದೇ ಬಿಟ್ಟ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಹತ್ತಿ ಸವರಿದರೆ, "ಜೋಮು ಹಿಡಿದಂಗ ಅದ್ರಿ" ಅಂದ. ಮುಂದಿನ ಕೋಣೆಯ ನರ ಆಗಲೇ ನರಳುತ್ತಿತ್ತು. ಅವತ್ತಿನಿಂದ ನನಗೆ, ಗಾಯಕ್ಕೆ ಮೀರಿದ ನೋವು ಅಂದರೆ ಅದೇ ಮೊದಲ ಎಚ್ಚರಿಕೆ.

ಕೋಣೆಯೊಳಗಿನ ಒತ್ತಡ ಅಳೆದಾಗ ಬರೀ ಆ ಸಂಖ್ಯೆ ನೋಡಬೇಡಿ. ಬಿಪಿಯ ಕೆಳಗಿನ ಸಂಖ್ಯೆಯಿಂದ ಅದನ್ನು ಕಳೆಯಿರಿ. 30 ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಅಪಾಯ. ಕೆಳಗಿನ ಬಿಪಿ 80, ಒಳಗಿನ ಒತ್ತಡ 35 ಇದ್ದರೆ 45 ಉಳಿಯಿತು, ಗಮನವಿಟ್ಟು ಕಾಯಬಹುದು. ಇನ್ನೊಬ್ಬನಿಗೆ ರಕ್ತ ಹೋಗಿ ಕೆಳಗಿನ ಬಿಪಿ 50ಕ್ಕೆ ಇಳಿದಿದೆ, ಒಳಗೆ ಬರೀ 25. ಉಳಿದದ್ದು 25. ಸಂಖ್ಯೆ ಚಿಕ್ಕದು, ಅಪಾಯ ಜಾಸ್ತಿ. ಅದಕ್ಕೇ ಬಿಪಿ ಬೀಳಲು ಬಿಡಬಾರದು. ಲಕ್ಷಣ ಸ್ಪಷ್ಟವಾಗಿದ್ದರೆ ಅಳೆಯೋಕೆ ಅಂತ ಹೊತ್ತು ಕಳೆಯುವುದೂ ತಪ್ಪು.

ಯಾರಲ್ಲಿ ಹೆಚ್ಚು ಅನುಮಾನ ಬೇಕು? ಟಿಬಿಯಾ ಮುರಿದ ಯುವಕರು, ಭಾರದ ಕೆಳಗೆ ಸಿಕ್ಕವರು, ರಕ್ತನಾಳ ರಿಪೇರಿ ಆದವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು. ಮೂಳೆ ಹೊರಗೆ ಕಾಣುವ ಮುರಿತದಲ್ಲೂ ಆಗುತ್ತದೆ, ಗಾಯದಿಂದ ಒತ್ತಡ ಪೂರ್ತಿ ಇಳಿಯುವುದಿಲ್ಲ. ಬಿದಿರು ಪಟ್ಟಿ ಕಟ್ಟಿಸಿಕೊಂಡು ಬಂದವರಲ್ಲಿ ಕಟ್ಟು ಬಿಚ್ಚದೆ ಮಾತಾಡಲೇಬೇಡಿ. ಪ್ರಜ್ಞೆ ಇಲ್ಲದವರು, ನರದ ಬ್ಲಾಕ್ (ನರ ಮರಗಟ್ಟಿಸುವ ಇಂಜೆಕ್ಷನ್) ಪಡೆದವರು ನೋವು ಹೇಳಲಾರರು. ಮಗು ಸುಮ್ನೆ ರಚ್ಚೆ ಹಿಡಿದು ಅಳುತ್ತಿದ್ದರೆ, ನೋವಿನ ಔಷಧಿ ಮತ್ತೆ ಮತ್ತೆ ಬೇಕಾಗುತ್ತಿದ್ದರೆ ಅದನ್ನೇ ಲಕ್ಷಣ ಅಂತ ತಿಳಿಯಿರಿ.

ಅನುಮಾನ ಬಂದ ಕೂಡಲೇ ಸೀನಿಯರ್‌ಗೆ ಫೋನ್ ಮಾಡಿ. ಪ್ಲಾಸ್ಟರ್ ಸೀಳಿ, ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಕತ್ತರಿಸಿ. ಕಾಲನ್ನು ದಿಂಬಿನ ಮೇಲೆ ಎತ್ತಿಡಬೇಡಿ, ಎದೆಯ ಮಟ್ಟದಲ್ಲೇ ಇರಲಿ. ಎತ್ತಿದರೆ ರಕ್ತ ಇನ್ನೂ ಕಡಿಮೆ ಬರುತ್ತದೆ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಸತ್ತ ಸ್ನಾಯುವಿನ ಅಂಶ ರಕ್ತಕ್ಕೆ ಸೇರುತ್ತಿದೆ ಅಂತ ತಿಳಿದು ಕಿಡ್ನಿ, ಪೊಟ್ಯಾಸಿಯಂ ಎರಡನ್ನೂ ನೋಡಿ.

ಕೇಸ್ ಶೀಟ್‌ನಲ್ಲಿ ಪೆಟ್ಟು ಬಿದ್ದ ಹೊತ್ತು ಬರೆಯಿರಿ, ಆಸ್ಪತ್ರೆಗೆ ಬಂದ ಹೊತ್ತಲ್ಲ. ಹೊಲದಿಂದ ಊರು, ಊರಿಂದ ಲಿಂಗಸುಗೂರು, ಅಲ್ಲಿಂದ ರಾಯಚೂರು ಅಂತ ಬರುವಷ್ಟರಲ್ಲಿ ನಾಲ್ಕೈದು ತಾಸು ಕಳೆದಿರುತ್ತದೆ. ರಕ್ತ ಸಿಗದ ಸ್ನಾಯು 6 ತಾಸು ದಾಟಿದರೆ ಹಾಳಾಗತೊಡಗುತ್ತದೆ, 8 ದಾಟಿದರೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಗಂಟೆಗೊಮ್ಮೆ ಒಬ್ಬರೇ ನೋಡಿ ಬರೆಯುವುದು ಒಳ್ಳೆಯದು, ಬದಲಾವಣೆ ಆ ಕೈಗೇ ಗೊತ್ತಾಗೋದು.

ಚಿಕಿತ್ಸೆ ಫ್ಯಾಸಿಯಾಟಮಿ, ಅಂದರೆ ಫ್ಯಾಸಿಯಾ ಸೀಳುವ ಆಪರೇಷನ್: ಸಾಮಾನ್ಯವಾಗಿ ಎರಡು ಉದ್ದ ಗಾಯ ಮಾಡಿ ನಾಲ್ಕೂ ಕೋಣೆ ಬಿಡಿಸುತ್ತಾರೆ. ಗಾಯ ಹೊಲಿಯದೆ ಬಿಟ್ಟು 48 ಗಂಟೆಯ ಹೊತ್ತಿಗೆ ಮತ್ತೆ ನೋಡುತ್ತಾರೆ. ಕೆಲವರಿಗೆ ಚರ್ಮ ಕಸಿ ಬೇಕಾಗುತ್ತದೆ. ಇದನ್ನು ಮನೆಯವರಿಗೆ ಥಿಯೇಟರ್‌ಗೆ ಒಯ್ಯುವ ಮೊದಲೇ ಹೇಳಿ. ಆ ಹುಡುಗನ ಅಜ್ಜಿ ಮರುದಿನ, "ಯಪ್ಪಾ, ಕಾಲು ಸೀಳಿ ಹಂಗೇ ಬಿಟ್ಟೀರಲ್ಲ" ಅಂತ ಅತ್ತರು. "ಬಾವು ಇಳಿದ ಮ್ಯಾಲ ಹೊಲೀತಾರ ಅವ್ವಾ, ಈಗ ಹೊಲಿದರ ಮತ್ತ ಒಳಗ ಬಿಗೀತದ" ಅಂದೆ. ಆ ಮಾತನ್ನು ನಾನು ಹಿಂದಿನ ರಾತ್ರಿಯೇ ಹೇಳಬೇಕಿತ್ತು.